ಪರ್ಕ್‌ಗಳ ಹೆಸರು ಬಂತು, ಸೆಕೆಂಡುಗಳ ಲೆಕ್ಕ ಬರಲಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಡೆಡ್ ಬೈ ಡೇಲೈಟ್: ಎದುರಾಳಿಯನ್ನು ಕಟ್ಟಿಹಾಕುವ ಹತ್ತು ಪರ್ಕ್‌ಗಳು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಇದನ್ನು ಕೈಬಿಡಬೇಡಿ ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಗೇಮ್‌ಗಳ ಬಗ್ಗೆ ನಮಗೆ ಬರುವ ಬರಹಗಳು ಹೆಚ್ಚಾಗಿ ಬಿಡುಗಡೆಯ ಸುದ್ದಿ, ಬೆಲೆ, ಗ್ರಾಫಿಕ್ಸ್ ಇಷ್ಟಕ್ಕೇ ಮುಗಿಯುತ್ತವೆ. ನೀವು ಆಟದೊಳಗಿನ ಒಂದೇ ಒಂದು ನಿರ್ಧಾರವನ್ನು ಹಿಡಿದು ಬರೆಯಲು ಹೊರಟಿದ್ದೀರಿ. ನನಗೆ ಬೇಕಾದದ್ದು ಅಂಥದ್ದೇ.

ಲೇಖನ ಶುರುವಾಗುವುದೇ ಕರಪ್ಟ್ ಇಂಟರ್ವೆನ್ಷನ್, ಡೆಡ್‌ಲಾಕ್, ಪಾಪ್ ಗೋಸ್ ದ ವೀಸಲ್, ಪೇನ್ ರೆಸೊನೆನ್ಸ್ ಎಂಬ ಹೆಸರುಗಳ ಸಾಲಿನಿಂದ. ಆಟ ಗೊತ್ತಿಲ್ಲದವರು ಅಲ್ಲಿಗೇ ನಿಲ್ಲಿಸುತ್ತಾರೆ, ಗೊತ್ತಿರುವವರಿಗೆ ಅದರಲ್ಲಿ ಹೊಸದೇನಿಲ್ಲ. ಇದು ಮಾಂಟ್ರಿಯಲ್‌ನ ಬಿಹೇವಿಯರ್ ಇಂಟರ್ಯಾಕ್ಟಿವ್ ರೂಪಿಸಿದ, 2016ರ ಜೂನ್‌ನಲ್ಲಿ ಬಿಡುಗಡೆಯಾದ ಆಟ. ಒಬ್ಬ ಕಿಲ್ಲರ್, ನಾಲ್ವರು ಸರ್ವೈವರ್‌ಗಳು. ಏಳು ಜನರೇಟರ್‌ಗಳಲ್ಲಿ ಐದು ರಿಪೇರಿಯಾದರೆ ತಪ್ಪಿಸಿಕೊಳ್ಳುವ ಗೇಟಿಗೆ ಕರೆಂಟ್ ಬರುತ್ತದೆ, ಅಷ್ಟರೊಳಗೆ ಕಿಲ್ಲರ್ ಅವರನ್ನು ಹಿಡಿದು ಹುಕ್‌ಗೆ ಹಾಕಬೇಕು. ಪ್ರತಿಯೊಬ್ಬರೂ ನಾಲ್ಕು ಪರ್ಕ್, ಅಂದರೆ ವಿಶೇಷ ಸಾಮರ್ಥ್ಯ, ತರಬಹುದು. ಇಷ್ಟು ಹೇಳಿಬಿಟ್ಟಿದ್ದರೆ ಮುಂದಿನದೆಲ್ಲ ಯಾರಿಗಾದರೂ ಅರ್ಥವಾಗುತ್ತಿತ್ತು.

ಈಗ ಮುಖ್ಯ ತಕರಾರು. ಹತ್ತು ಪರ್ಕ್‌ಗಳಿಗೂ ನಕ್ಷತ್ರ ಕೊಟ್ಟಿದ್ದೀರಿ, ಒಂದಕ್ಕೂ ಲೆಕ್ಕ ಕೊಟ್ಟಿಲ್ಲ. ಎದುರಾಳಿಯನ್ನು ನಿಧಾನ ಮಾಡುವುದೆಂದರೆ ಸಮಯ ಕಸಿಯುವುದು. ಎಷ್ಟು ಸಮಯ, ಯಾರಿಂದ, ಅದಕ್ಕಾಗಿ ಕಿಲ್ಲರ್ ತನ್ನದೆಷ್ಟು ಸಮಯ ಕಳೆದುಕೊಳ್ಳುತ್ತಾನೆ ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಒಬ್ಬ ಸರ್ವೈವರ್ ಒಂದು ಜೆನ್ (ಜನರೇಟರ್) ಮುಗಿಸಲು 90 ಸೆಕೆಂಡ್ ಬೇಕು. ಕಿಲ್ಲರ್ ಒಬ್ಬರ ಬೆನ್ನು ಹತ್ತಿ 90 ಸೆಕೆಂಡ್ ಓಡಿದ ಅಂದುಕೊಳ್ಳಿ. ಉಳಿದ ಮೂವರು ಬೇರೆಬೇರೆ ಜೆನ್‌ಗಳಲ್ಲಿ ಕೂತಿದ್ದರೆ ಅಷ್ಟರಲ್ಲಿ ಮೂರು ಜೆನ್ ಹೋಯಿತು. ಅಂಥದ್ದೇ ಇನ್ನೊಂದು ಓಟ, ಐದೂ ಮುಗಿಯಿತು. ಮೂರು ನಿಮಿಷದಲ್ಲಿ ಗೇಟಿಗೆ ಕರೆಂಟ್. ನಿಧಾನಗೊಳಿಸುವ ಪರ್ಕ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ನೀವು ‘ಇವಿಲ್ಲದೆ ಗೆಲ್ಲುವುದು ಕಷ್ಟ’ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ.

ಈ ಲೆಕ್ಕ ಎದುರಿಗಿಟ್ಟುಕೊಂಡರೆ ನಿಮ್ಮ ಪಟ್ಟಿ ತಾನಾಗಿಯೇ ಎರಡು ಗುಂಪಾಗುತ್ತದೆ. ಡೆಡ್‌ಲಾಕ್ ತಾನಾಗಿ ಕೆಲಸ ಮಾಡುತ್ತದೆ: ಒಂದು ಜೆನ್ ಮುಗಿದ ಕೂಡಲೇ, ಉಳಿದವುಗಳಲ್ಲಿ ಹೆಚ್ಚು ಕೆಲಸವಾಗಿರುವುದಕ್ಕೆ ಕೆಲಹೊತ್ತು ಬೀಗ ಬೀಳುತ್ತದೆ. ಪೇನ್ ರೆಸೊನೆನ್ಸ್‌ಗೆ ನಿಗದಿಯಾದ ಹುಕ್‌ವರೆಗೆ ಹೊತ್ತುಕೊಂಡು ಹೋಗಬೇಕು, ಅಷ್ಟೆ. ಜೆನ್ ಎಷ್ಟು ದೂರದಲ್ಲಿದ್ದರೂ ಏಟು ಬಿದ್ದು ಆಗಿರುವ ಕೆಲಸ ಕಡಿಮೆಯಾಗುತ್ತದೆ. ಪಾಪ್ ಹಾಗಲ್ಲ. ಹುಕ್‌ಗೆ ಹಾಕಿದ ಮೇಲೆ ಕಿಲ್ಲರ್ ಜೆನ್‌ವರೆಗೆ ನಡೆದು ಹೋಗಿ ಒದೆಯಬೇಕು. ಹೆಚ್ಚಿನ ಕಿಲ್ಲರ್‌ಗಳ ವೇಗ ಸೆಕೆಂಡಿಗೆ 4.6 ಮೀಟರ್. ಜೆನ್ 40 ಮೀಟರ್ ದೂರದಲ್ಲಿದ್ದರೆ ಹೋಗುವುದಕ್ಕೇ ಸುಮಾರು 9 ಸೆಕೆಂಡ್. ಆ ಹೊತ್ತಿನಲ್ಲಿ ಉಳಿದ ಮೂವರು ಒಟ್ಟು 27 ಸೆಕೆಂಡಿನ ಕೆಲಸ ಮುಗಿಸಿರುತ್ತಾರೆ. ಅದೂ ಅಲ್ಲದೆ ಪಾಪ್ ಕಸಿಯುವುದು ಅಲ್ಲಿಯವರೆಗೆ ಆಗಿರುವ ಕೆಲಸದ ಒಂದು ಪಾಲನ್ನು. ಈಗಷ್ಟೇ ಮುಟ್ಟಿದ ಜೆನ್ ಒದ್ದರೆ ಕೈಗೆ ಏನೂ ಹತ್ತುವುದಿಲ್ಲ; ಮುಗಿಯುವ ಹಂತದಲ್ಲಿರುವುದನ್ನು ಒದ್ದರೆ ನಡೆದದ್ದು ಸಾರ್ಥಕ. ಹಾಗಾಗಿ ಮ್ಯಾಪ್‌ನ ಈ ತುದಿಯಿಂದ ಆ ತುದಿಗೆ ನುಗ್ಗಬಲ್ಲ ಬ್ಲೈಟ್ ಅಥವಾ ಹಿಲ್‌ಬಿಲ್ಲಿಗೆ ಪಾಪ್ ಒಗ್ಗುವಷ್ಟು, ಎಲ್ಲಕ್ಕೂ ಕಾಲನ್ನೇ ನಂಬಿದ ಟ್ರ್ಯಾಪರ್‌ಗೆ ಒಗ್ಗುವುದಿಲ್ಲ. ಯಾವ ಕಿಲ್ಲರ್ ಎಂದು ಹೇಳದೆ ಐದು ನಕ್ಷತ್ರ ಕೊಟ್ಟರೆ ಓದುಗರು ಅದನ್ನು ನಂಬಿ ಮೋಸಹೋಗುತ್ತಾರೆ.

ಬರಿಯ ಒದೆತದ ಬಗ್ಗೆಯೂ ಒಂದು ಮಾತು. ಒದ್ದು ಬಿಟ್ಟ ಜೆನ್ ‘ವೇಗವಾಗಿ ಹಿಂದೆ ಸರಿಯುತ್ತದೆ’ ಎಂದು ಬರೆದಿದ್ದೀರಿ. ಒಬ್ಬರು ರಿಪೇರಿ ಮಾಡುವ ವೇಗದ ಕಾಲುಭಾಗದಲ್ಲಿ ಅದು ಸರಿಯುತ್ತದೆ. ಒದ್ದ ಮೇಲೆ ಅರ್ಧ ಉಳಿದಿರುವ ಜೆನ್ ಸೊನ್ನೆಗೆ ಇಳಿಯಲು 180 ಸೆಕೆಂಡ್ ಬೇಕು, ಅದೂ ನಡುವೆ ಯಾರೂ ಮುಟ್ಟದಿದ್ದರೆ. ಇದನ್ನು ವೇಗ ಎನ್ನಬಹುದೇ?

ಎರಡು ತಪ್ಪುಗಳನ್ನು ತಿದ್ದಲೇಬೇಕು. ಹೆಕ್ಸ್ ರೂಯಿನ್ ಎಂಬ ಪರ್ಕ್ ಇದ್ದರೆ ಸ್ಕಿಲ್ ಚೆಕ್ (ರಿಪೇರಿಯ ನಡುವೆ ಸರಿಯಾದ ಕ್ಷಣಕ್ಕೆ ಬಟನ್ ಒತ್ತುವ ಪರೀಕ್ಷೆ) ಕಠಿಣವಾಗುತ್ತದೆ ಎಂದಿದ್ದೀರಿ. ಅದು 2020ರ ಜನವರಿಗೆ ಮುಂಚಿನ ಮಾತು. ಆಮೇಲೆ ರೂಯಿನ್ ಕೆಲಸ ಮಾಡುವ ರೀತಿಯೇ ಬದಲಾಯಿತು: ಸರ್ವೈವರ್ ಕೈ ಬಿಟ್ಟ ಕ್ಷಣದಿಂದ, ಕಿಲ್ಲರ್ ಒದೆಯದೆಯೇ ಜೆನ್ ಹಿಂದೆ ಸರಿಯತೊಡಗುತ್ತದೆ. ಈ ಪರ್ಕ್ ನೆಚ್ಚಿಕೊಂಡಿರುವ ಟೋಟೆಮ್ ಅನ್ನು ಸರ್ವೈವರ್ ಹುಡುಕಿ ಕಿತ್ತರೆ ಪರ್ಕ್ ಹೋಯಿತು ಎಂಬ ಅಪಾಯವನ್ನೂ ನೀವು ಹೇಳಿಲ್ಲ. ಹಾಗೆಯೇ ಜೆನ್‌ಗೆ 80 ಸೆಕೆಂಡ್ ಎಂದಿದ್ದೀರಿ. 2022ರ ಜುಲೈ ಪ್ಯಾಚ್‌ನಲ್ಲಿ (ಆಟದ ಅಪ್‌ಡೇಟ್‌ನಲ್ಲಿ) ಅದು 90 ಆಯಿತು. ಪಾಪ್‌ನ ಲೆಕ್ಕ ಬದಲಾದದ್ದೂ ಆ ಪ್ಯಾಚ್‌ನಲ್ಲೇ. ಹಳೆಯ ವಿಡಿಯೊ ನೋಡಿ ಈ ಭಾಗಗಳನ್ನು ಬರೆದಿರಬಹುದು ಎಂದು ಅನುಮಾನ. ಆಡಿ ನೋಡಿದ್ದನ್ನು ಬರೆದ ಕಡೆ ನಿಮ್ಮ ವಾಕ್ಯಗಳು ಚಿಕ್ಕದಾಗಿ ಚುರುಕಾಗಿವೆ. ಇಲ್ಲಿ ಮಾತ್ರ ತೆವಳುತ್ತವೆ.

ಕೊನೆಯಲ್ಲಿ ‘ನಾಲ್ಕು ಜಾಗಕ್ಕೂ ಇವನ್ನೇ ತುಂಬಿ’ ಎಂಬ ಸಲಹೆ ಕೊಟ್ಟಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಜೆನ್ ಬಿಟ್ಟು ಏಳುವಂತೆ ಸರ್ವೈವರ್‌ಗಳನ್ನು ಮಾಡುವುದೂ ನಿಧಾನಗೊಳಿಸುವುದೇ, ಎಷ್ಟೋ ಸಲ ಅದೇ ಹೆಚ್ಚು. ಒಬ್ಬರು ಹುಕ್ ಮೇಲೆ, ಒಬ್ಬರು ಬಿಡಿಸಲು ಹೊರಟವರು, ಒಬ್ಬರ ಬೆನ್ನ ಹಿಂದೆ ಕಿಲ್ಲರ್. ಜೆನ್ ಮುಂದೆ ಉಳಿದದ್ದು ಒಬ್ಬರೇ. ಯಾವ ಪರ್ಕ್ ಇಷ್ಟು ಮಾಡುತ್ತದೆ? ಗಾಯದ ಲೆಕ್ಕವೂ ಹೀಗೆಯೇ. ಒಬ್ಬರು ಇನ್ನೊಬ್ಬರ ಗಾಯ ವಾಸಿ ಮಾಡಲು 16 ಸೆಕೆಂಡ್. ಇಬ್ಬರೂ ಜೆನ್ ಬಿಟ್ಟಿರುವುದರಿಂದ ಹೋದದ್ದು 32. ಒಂದು ಜೆನ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದನ್ನು ಇನ್ನಷ್ಟು ಎಳೆಯುವ ಸ್ಲಾಪಿ ಬುಚರ್ ನಿಮ್ಮ ಪಟ್ಟಿಯಲ್ಲೇ ಇಲ್ಲ. ಹುಕ್‌ಗೆ ಹಾಕಿದಾಗ ದೂರದಲ್ಲಿರುವವರನ್ನು ತೋರಿಸುವ ಬಾರ್ಬೆಕ್ಯೂ ಅಂಡ್ ಚಿಲ್ಲಿಯೂ ಇಲ್ಲ. ಹೆಸರಿಗೆ ಅದು ಸುಳಿವು ಕೊಡುವ ಪರ್ಕ್, ಆದರೆ ಕಿಲ್ಲರ್‌ನನ್ನು ನೇರವಾಗಿ ಜೆನ್ ಹತ್ತಿರ ಕೂತವರ ಕಡೆಗೇ ಕಳಿಸುತ್ತದೆ. ನಾಲ್ಕೂ ಜಾಗ ಬೀಗಗಳಿಗೇ ಕೊಟ್ಟು, ಓಟ ಮಾತ್ರ 90 ಸೆಕೆಂಡಿನಿಂದ ಇಳಿಯದಿದ್ದರೆ ಸೋಲು ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಮೂರು ಜೆನ್‌ಗಳನ್ನು ಒಂದೇ ಮೂಲೆಯಲ್ಲಿ ಉಳಿಸಿಕೊಂಡು ಕಾಯುವುದನ್ನು ‘ಖಚಿತ ಗೆಲುವು’ ಎಂದು ಹೊಗಳಿದ್ದೀರಿ. ಆ ತಂತ್ರದಿಂದ ಆಟಗಳು ವಿಪರೀತ ಎಳೆಯತೊಡಗಿದ ಮೇಲೆಯೇ ಒಂದು ಜೆನ್‌ಗೆ ಇಷ್ಟೇ ಸಲ ಏಟು ಎಂಬ ಮಿತಿ ಬಂತು. ಅದು ದಾಟಿದರೆ ಆ ಜೆನ್ ಒದೆಯಲು ಬರುವುದಿಲ್ಲ. ಮಿತಿ ಇಲ್ಲದಿದ್ದರೂ ನಾನು ಇದನ್ನು ಹೊಗಳಿ ಬರೆಯಲು ಬಿಡುತ್ತಿರಲಿಲ್ಲ. ಪ್ರತಿ ಆಟದಲ್ಲಿ ಐವರಿದ್ದರೆ ನಾಲ್ವರು ಆ ಕಡೆ ಇರುತ್ತಾರೆ. ನಿಮ್ಮ ಓದುಗರಲ್ಲೂ ಹೆಚ್ಚಿನವರು ಸರ್ವೈವರ್ ಆಡುವವರೇ ಇರಬಹುದು. ಈ ಪರ್ಕ್‌ಗಳ ಎದುರು ಅವರು ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಡೆಡ್‌ಲಾಕ್ ಇದೆ ಎಂದು ತಿಳಿದ ಮೇಲೆ ಎರಡು ಜೆನ್‌ಗಳನ್ನು ಒಟ್ಟೊಟ್ಟಿಗೆ ಮುಗಿಸುವುದು ಹೇಗೆ, ಟೋಟೆಮ್ ಹುಡುಕಲು ಯಾರು ಹೋಗಬೇಕು, ಇಂಥವು ಬರಲಿ. ಭಯದ ಆಟದಲ್ಲಿ ಎದುರಿನವರಿಗೂ ಒಂದು ದಾರಿ ಕಾಣಬೇಕು. ಇಲ್ಲದಿದ್ದರೆ ಭಯ ಹೋಗಿ ಬೇಸರ ಉಳಿಯುತ್ತದೆ.

ಇನ್ನು ಚೆನ್ನಾಗಿರುವುದು. ಆರನೇ ಪ್ಯಾರಾದಲ್ಲಿ ನೀವು ಟ್ರ್ಯಾಪರ್ ಆಡಿದ ಒಂದು ಆಟ ಇದೆ. ಕರಪ್ಟ್ ಇಂಟರ್ವೆನ್ಷನ್‌ನಿಂದ ದೂರದ ಮೂರು ಜೆನ್‌ಗಳಿಗೆ 120 ಸೆಕೆಂಡ್ ಬೀಗ. ಮ್ಯಾಪ್‌ನಲ್ಲಿ ಚದುರಿದ ಬೋನುಗಳನ್ನು ಆರಿಸಿಕೊಂಡು, ಸರ್ವೈವರ್‌ಗಳು ಬಂದೇ ಬರಬೇಕಾದ ದಾರಿಯಲ್ಲಿ, ಪ್ಯಾಲೆಟ್ (ಕಿಲ್ಲರ್‌ಗೆ ಅಡ್ಡ ಬೀಳಿಸುವ ಹಲಗೆ) ಪಕ್ಕದ ಹುಲ್ಲಿನಲ್ಲಿ ಇಟ್ಟಿರಿ. ಅವರು ನಿಮ್ಮ ಕಡೆಗೇ ನಡೆದುಬಂದರು. ಮೊದಲನೆಯವರು ನೆಲಕ್ಕೆ ಬೀಳುತ್ತಲೇ ಬೀಗ ತೆರೆಯಿತು, ಆಗ ಮತ್ತೆ ಅವಸರ. ಪರ್ಕ್ ಏನು ಕೊಟ್ಟಿತು, ಎಲ್ಲಿ ಕೈಕೊಟ್ಟಿತು, ಆ ಕಿಲ್ಲರ್‌ಗೆ ಅದೇ ಏಕೆ ಬೇಕಿತ್ತು, ಮೂರೂ ಅಲ್ಲಿವೆ. ಒಂದೇ ಒಂದು ನಕ್ಷತ್ರ ಇಲ್ಲದೆ.

ಲೇಖನವನ್ನು ಅಲ್ಲಿಂದಲೇ ಶುರುಮಾಡಿ. ಹತ್ತರ ಬದಲು ಮೂರೇ ಪರ್ಕ್ ಸಾಕು: ಕರಪ್ಟ್, ಪಾಪ್, ಡೆಡ್‌ಲಾಕ್. ಒಂದೊಂದಕ್ಕೂ ನೀವೇ ಆಡಿದ ಒಂದು ಆಟ, ಅದರಲ್ಲಿ ಕಸಿದ ಮತ್ತು ಕಳೆದ ಸೆಕೆಂಡುಗಳು. ಸೋತ ಆಟವೂ ಒಂದಿರಲಿ. ನರ್ಸ್ ಎಂಬ ಕಿಲ್ಲರ್ ಕುರಿತ ಭಾಗ ಇಲ್ಲಿ ಬೇಡ, ಅದನ್ನು ಬೇರೆ ಲೇಖನ ಮಾಡಬಹುದು. ಯಾವ ಪ್ಯಾಚ್‌ನ ಆಟ ಎಂಬುದನ್ನು ಮೊದಲಲ್ಲೇ ನಮೂದಿಸಿ. ಅಂಕಿಗಳು ಮತ್ತೆ ಬದಲಾಗುತ್ತವೆ. 1200 ಪದ ಮೀರದಂತೆ ನೋಡಿಕೊಂಡು ನನಗೇ ಕಳಿಸಿ.