ಬ್ಲಾಗ್‌ಗೆ ವಿಷಯ ಹುಡುಕುವ ಮೊದಲು ಹಳೇ ವಾಟ್ಸಾಪ್ ಮೆಸೇಜ್ ಅಳಿಸಬೇಡಿ

ಸಾರಿನ ಪುಡಿ, ಚಟ್ನಿಪುಡಿ ಮಾರುವ ಸಣ್ಣ ವ್ಯಾಪಾರ ನಿಮ್ಮದು. ಬ್ಲಾಗ್‌ನಲ್ಲಿ ಆರು ಲೇಖನ ಆದ ಮೇಲೆ ಏನೂ ತೋಚುತ್ತಿಲ್ಲ. ವಿಷಯ ಹುಡುಕಲು ಯಾವ ಟೂಲ್ ಒಳ್ಳೇದು? ಇದು ನಿಮ್ಮ ಪ್ರಶ್ನೆ ಅಲ್ವಾ? ನಾನು ನಿಂತಿದ್ದು ಏಳನೇ ಲೇಖನದಲ್ಲಿ.

ನಮ್ಮದು ತುಮಕೂರಿನಲ್ಲಿ ಗಾಣದ ಎಣ್ಣೆ ಅಂಗಡಿ. ಕಡಲೆಬೀಜ ಚಳ್ಳಕೆರೆ, ಪಾವಗಡ ಕಡೆಯಿಂದ ಬರುತ್ತದೆ, ಕೊಬ್ಬರಿ ತಿಪಟೂರಿನಿಂದ. ಬ್ಲಾಗ್ ಶುರು ಮಾಡಿದಾಗ "ಗಾಣದ ಎಣ್ಣೆಯ ಹತ್ತು ಲಾಭಗಳು", "ಕೂದಲಿಗೆ ಕೊಬ್ಬರಿ ಎಣ್ಣೆ" ಅಂತೆಲ್ಲ ಬರೆದೆ. ವಿಷಯ ಮುಗಿಯಿತು ಅನ್ನಿಸಿದಾಗ ತಿಂಗಳಿಗೆ ದುಡ್ಡು ಕಟ್ಟಿ ಒಂದು ಟೂಲ್ ತೆಗೆದುಕೊಂಡೆ. ಅದು ಉದ್ದದ ಪಟ್ಟಿ ಕೊಟ್ಟಿತು. ಆ ಪಟ್ಟಿಯಲ್ಲಿದ್ದದ್ದನ್ನು ನನಗಿಂತ ಮೊದಲೇ ನೂರಾರು ಜನ ಬರೆದಿದ್ದರು. ನಾನೂ ಬರೆದೆ. ಓದಿದವರಲ್ಲಿ ಒಬ್ಬರೂ ಎಣ್ಣೆ ಬೇಕು ಅಂತ ಫೋನ್ ಮಾಡಲಿಲ್ಲ.

ನನ್ನ ನಿಜವಾದ ತಪ್ಪು ಇದಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಮಾಡುವ ಸಾಧ್ಯತೆ ಇದೆ.

ಆರ್ಡರ್ ತೆಗೆದುಕೊಳ್ಳುವುದು ವಾಟ್ಸಾಪ್‌ನಲ್ಲಿ. ಮೂರು ವರ್ಷದ ಮಾತುಕತೆ ಸೇರಿ ಫೋನ್ ತುಂಬಿಹೋಗಿತ್ತು, ಫೋಟೋ ತೆಗೆದರೆ ಉಳಿಯುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಚಾಟ್ ಅಳಿಸುವ ಆಯ್ಕೆ ಒತ್ತಿದೆ. ಸ್ಟಾರ್ ಹಾಕಿದ ಮೆಸೇಜ್ ಉಳಿಸಲಾ ಅಂತ ಅದೇ ಕೇಳಿತು. ನಾನು ಸ್ಟಾರ್ ಹಾಕಿದ್ದು ಗಿರಾಕಿಗಳ ವಿಳಾಸಕ್ಕೆ ಮಾತ್ರ. ಅವು ಉಳಿದವು, ಮಿಕ್ಕದ್ದೆಲ್ಲ ಹೋಯಿತು. ಹೋದರೂ ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆ, ಬೇಕಾದಾಗ ತರೋಣ ಅಂದುಕೊಂಡೆ. ನನ್ನ ಫೋನ್ ದಿನಾ ರಾತ್ರಿ ತಾನಾಗಿ ಬ್ಯಾಕಪ್ ಮಾಡುತ್ತಿತ್ತು. ಹೊಸ ಬ್ಯಾಕಪ್ ಹಳೆಯದನ್ನು ಅಳಿಸಿ ಆ ಜಾಗದಲ್ಲಿ ಕೂರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಡ್ರೈವ್‌ನಲ್ಲೂ ಖಾಲಿ.

ಗೊತ್ತಾಗಿದ್ದು ಗುರುವಾರ. ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. "ಕೊಬ್ಬರಿ ಎಣ್ಣೆ ಚಳಿಗೆ ಯಾಕೆ ಕಟ್ಟಿಕೊಳ್ಳುತ್ತೆ ಅಂತ ಉದ್ದಕ್ಕೆ ಬರೆದು ಕಳಿಸಿದ್ರಲ್ಲ, ನಮ್ಮ ಅತ್ತಿಗೆಗೆ ಬೇಕಂತೆ, ಇನ್ನೊಂದ್ಸಲ ಕಳಿಸ್ತೀರಾ?" ಹುಡುಕಿದೆ. ನನ್ನ ಹತ್ತಿರ ಏನೂ ಇರಲಿಲ್ಲ. ಅಂಗಡಿ ಬಾಗಿಲು ಹಾಕಿ ಸುಮ್ನೆ ಕೂತೆ. ಮೂರು ವರ್ಷ ನಾನು ಒಬ್ಬೊಬ್ಬರಿಗೇ ಬ್ಲಾಗ್ ಬರೆದಿದ್ದೆ, ನನ್ನ ಕೈಯಾರೆ ಅದನ್ನು ಅಳಿಸಿದ್ದೆ.

ಪ್ರಶ್ನೆಗಳನ್ನು ನೆನಪು ಮಾಡಿಕೊಂಡರಾಯಿತು ಅನ್ನಬಹುದು. ಆ ರಾತ್ರಿ ನಾನೂ ಅದನ್ನೇ ಮಾಡಿದೆ, ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ಪ್ರಶ್ನೆ ಬಂದವು. ಆದರೆ ಅವರ ಮಾತು ವಾಪಸ್ ಬರಲಿಲ್ಲ. ಜನ "ಎಣ್ಣೆ ಕಟ್ಟಿಕೊಂಡಿದೆ", "ತಳದಲ್ಲಿ ಗಸಿ ಕೂತಿದೆ", "ಬೋಂಡಾ ಕರಿಯುವಾಗ ನೊರೆ ಉಕ್ಕುತ್ತೆ" ಅನ್ನುತ್ತಾರೆ. ಗೂಗಲ್‌ನಲ್ಲಿ ಹುಡುಕುವಾಗಲೂ ಅದೇ ಮಾತು ಹಾಕುತ್ತಾರೆ. ನನ್ನ ಲೇಖನದಲ್ಲಿ ಇದ್ದದ್ದು "ಘನೀಕರಣ". ಇನ್ನೊಂದು, ಯಾವ ಪ್ರಶ್ನೆ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವ ಲೆಕ್ಕ ತಾರೀಖಿನ ಸಮೇತ ಫೋನಿನಲ್ಲೇ ಇತ್ತು. ಅದನ್ನು ಮತ್ತೆ ಕಟ್ಟಲು ನನಗೆ ಪೂರಾ ಒಂದು ವರ್ಷ ಬೇಕಾಯಿತು. ಮಾವಿನಕಾಯಿ ಕಾಲಕ್ಕೆ ಉಪ್ಪಿನಕಾಯಿಗೆ ಯಾವ ಎಣ್ಣೆ ಅಂತ ಕೇಳುತ್ತಾರೆ. ನರಕ ಚತುರ್ದಶಿಗೆ ಮುಂಚೆ ಎಣ್ಣೆ ಸ್ನಾನದ್ದು, ಕಾರ್ತಿಕದಲ್ಲಿ ದೀಪದ್ದು. ಡಿಸೆಂಬರ್‌ನಲ್ಲಿ "ಡಾಲ್ಡಾ ಬೆರೆಸಿದ್ದೀರಾ?" ಅಂತ ಜಗಳಕ್ಕೇ ಬರುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ತಾನಾಗಿ ಗಟ್ಟಿಯಾಗುತ್ತದೆ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಇಷ್ಟೇ ವಿಷಯ. ಆ ಲೇಖನಕ್ಕೆ ಪ್ರತಿ ಚಳಿಗಾಲದಲ್ಲೂ ಓದುಗರು ಬರುತ್ತಾರೆ.

ನನಗೆ ಅತಿ ಹೆಚ್ಚು ವ್ಯಾಪಾರ ತಂದದ್ದು, ನಾನು ಬರೆಯಲು ಹೆದರುತ್ತಿದ್ದ ಪ್ರಶ್ನೆ: "ನಿಮ್ಮ ರೇಟ್ ಯಾಕೆ ಇಷ್ಟೊಂದು ಜಾಸ್ತಿ?" ಲೆಕ್ಕ ಬಿಚ್ಚಿಟ್ಟೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಗಾಣದಲ್ಲಿ ಹತ್ತಿರ ಹತ್ತಿರ ಎರಡೂವರೆ ಕೆಜಿ ಬೀಜ ಬೇಕು. ಬೀಜದ ತೂಕದಲ್ಲಿ ಎಣ್ಣೆ ಇರುವುದೇ ಅರ್ಧದಷ್ಟು. ಅದರಲ್ಲೂ ಸ್ವಲ್ಪ ಹಿಂಡಿಯಲ್ಲಿ ಉಳಿದು ಹಸುವಿನ ಬಾಯಿಗೆ ಹೋಗುತ್ತದೆ. ದೊಡ್ಡ ಕಾರ್ಖಾನೆಗಳು ಹಿಂಡಿಯನ್ನು ಹೆಕ್ಸೇನ್ ಅನ್ನುವ ದ್ರಾವಕದಲ್ಲಿ ನೆನೆಸಿ ಅದನ್ನೂ ತೆಗೆಯುತ್ತವೆ, ನಾವು ತೆಗೆಯುವುದಿಲ್ಲ. ಒಂದು ಲೀಟರ್ ಎಣ್ಣೆ ತೂಗಿದರೆ ಒಂದು ಕೆಜಿ ಇರುವುದಿಲ್ಲ, ಸುಮಾರು 910 ಗ್ರಾಂ ಇರುತ್ತದೆ ಅಂತಲೂ ಬರೆದೆ. ಮನೆಯಲ್ಲಿ ತೂಗಿ ನೋಡಿ ಮೋಸ ಅಂದುಕೊಂಡವರು ಇದ್ದರು. ಇದನ್ನು ಓದಿದವರು ಅಂಗಡಿಗೆ ಬಂದಾಗ ಚೌಕಾಸಿ ಮಾಡುವುದಿಲ್ಲ.

ಹಾಗಾಗಿ "ವಿಷಯ ಸಿಗುತ್ತಿಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಟೂಲ್ ಬೇಡ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ಇದೆ, ಜನ ಯಾವ ಮಾತು ಹಾಕಿ ನಿಮ್ಮ ಪುಟಕ್ಕೆ ಬಂದರು ಅಂತ ತೋರಿಸುತ್ತದೆ, ಅದು ಸಾಕು. ವಾರಕ್ಕೊಂದು ಬರೆಯಲೇಬೇಕು ಅನ್ನುವ ಮಾತನ್ನೂ ಬಿಡಿ. ತಿಂಗಳಿಗೆ ಒಂದು ಸಾಕು, ಆದರೆ ಯಾರೋ ಒಬ್ಬರು ನಿಜವಾಗಿ ಕೇಳಿದ್ದಾಗಿರಬೇಕು. ನಮ್ಮ ಪುಡಿ ತಿಂದರೆ ಶುಗರ್ ಇಳಿಯುತ್ತೆ ಅಂತೆಲ್ಲ ಮಾತ್ರ ದಯವಿಟ್ಟು ಬರೆಯಬೇಡಿ. ರೋಗ ವಾಸಿ ಮಾಡುತ್ತೆ ಅಂತ ಆಹಾರ ಮಾರುವುದಕ್ಕೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮದಲ್ಲಿ ಅವಕಾಶ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನಂಬಿ ಮಾತ್ರೆ ಬಿಡುವವರು ಇರುತ್ತಾರೆ.

ಈಗ ನಿಮ್ಮ ಫೋನ್ ತೆಗೆಯಿರಿ. ಜಾಸ್ತಿ ಮಾತಾಡಿದ ಹತ್ತು ಗಿರಾಕಿಗಳ ಚಾಟ್ ಆರಿಸಿ, ಎಕ್ಸ್‌ಪೋರ್ಟ್ ಮಾಡಿ, ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಆಮೇಲೆ ಅದರಲ್ಲಿ ಪ್ರಶ್ನೆ ಇರುವ ಸಾಲು ಹುಡುಕಿ. ಬ್ಯಾಡಗಿ ಮೆಣಸಿನಕಾಯಿ ಹಾಕುತ್ತೀರಿ ಅಂದರೆ, "ಇಷ್ಟು ಕೆಂಪಗಿದೆ, ಖಾರವೇ ಇಲ್ಲ, ಬಣ್ಣ ಹಾಕಿದ್ದೀರಾ?" ಅಂತ ಯಾರಾದರೂ ಕೇಳಿಯೇ ಇರುತ್ತಾರೆ. ಬ್ಯಾಡಗಿ ಗುಣವೇ ಅದು, ಬಣ್ಣ ಜಾಸ್ತಿ ಖಾರ ಕಡಿಮೆ. ಖಾರಕ್ಕೆ ಗುಂಟೂರು ಎಷ್ಟು ಸೇರಿಸುತ್ತೀರಿ, ಯಾಕೆ ಅಷ್ಟೇ ಸೇರಿಸುತ್ತೀರಿ ಅಂತ ಬರೆಯಿರಿ. ಏಳನೇ ಲೇಖನ ಅದೇ. ಬರೆದು ಮುಗಿಸಿದ ಮೇಲೆ ಲಿಂಕ್ ಅನ್ನು ಮೊದಲು ಆ ಪ್ರಶ್ನೆ ಕೇಳಿದವರಿಗೆ ಕಳಿಸಿ.