ಎರಡು ಬಣಗಳ ಆನ್‌ಲೈನ್ ಆಟದಲ್ಲಿ ಒಂದು ಬಣ ಸೊರಗುತ್ತಿದ್ದರೆ ಏನು ಮಾಡಬೇಕು?

ನೀವು ಕೇಳಿದ್ದು ಇದು: ಎರಡು ಬಣಗಳಿರುವ ಒಂದು ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟ ನಡೆಸುತ್ತಿದ್ದೀರಿ. ಒಂದು ಬಣದಲ್ಲಿ ಜನ ಹೆಚ್ಚಾಗಿ ಕೋಟೆಗಳೆಲ್ಲ ಅವರ ಕೈ ಸೇರಿವೆ, ಇನ್ನೊಂದು ಬಣದವರು ಒಬ್ಬೊಬ್ಬರಾಗಿ ಆಟ ಬಿಡುತ್ತಿದ್ದಾರೆ. ಸಣ್ಣ ಬಣದ ಡ್ಯಾಮೇಜ್ (ಹೊಡೆತದ ಬಲ) ಏರಿಸಿದರೆ ಸರಿಹೋದೀತೇ?

ಡ್ಯಾಮೇಜ್ ಮುಟ್ಟಬೇಡಿ. ಸತ್ತವರು ಎಷ್ಟು ಬೇಗ ಕಾಳಗಕ್ಕೆ ಮರಳುತ್ತಾರೆ, ಹೋರಾಡಿದ್ದಕ್ಕೆ ಏನು ಸಿಗುತ್ತದೆ, ಹೊಸಬರು ಯಾವ ಬಣಕ್ಕೆ ಸೇರುತ್ತಾರೆ ಎಂಬ ಮೂರರಲ್ಲಿ ಕೈಯಾಡಿಸಿ.

ಕಾರಣ ಲೆಕ್ಕದಲ್ಲೇ ಇದೆ. ಬಯಲಲ್ಲಿ ಎಲ್ಲರೂ ಎಲ್ಲರಿಗೂ ಹೊಡೆಯಬಲ್ಲರಾದರೆ ಗುಂಪಿನ ಬಲ ತಲೆಗಳ ಸಂಖ್ಯೆಯ ವರ್ಗದಷ್ಟಿರುತ್ತದೆ. ಇಂಗ್ಲಿಷ್ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲಿ ಕೊಟ್ಟ ನಿಯಮವಿದು. 60 ಜನರ ಎದುರು 40 ಜನ ನಿಂತರೆ ಬಲಾಬಲ 3600ಕ್ಕೆ 1600. ಆ 40 ಜನರೂ ಸಾಯುವ ಹೊತ್ತಿಗೆ ದೊಡ್ಡ ಬಣದಲ್ಲಿ ಸುಮಾರು 45 ಜನ ಇನ್ನೂ ನಿಂತಿರುತ್ತಾರೆ. ಇದನ್ನು ಬಫ್ (ಪಾತ್ರದ ಬಲ ಏರಿಸುವ ಹೆಚ್ಚುವರಿ) ಕೊಟ್ಟು ಸರಿದೂಗಿಸಬೇಕೆಂದರೆ ಸಣ್ಣ ಬಣದ ಡ್ಯಾಮೇಜ್ ಮತ್ತು ಹೆಲ್ತ್ (ಹೊಡೆತ ತಾಳುವ ಶಕ್ತಿ) ಎರಡನ್ನೂ ಒಂದೂವರೆ ಪಟ್ಟು ಮಾಡಬೇಕು. ಅದೇ ಬಫ್ ಹೊತ್ತವನು ಕಾಡುದಾರಿಯಲ್ಲಿ ಒಬ್ಬನನ್ನು ಎದುರಾದರೆ, ತನ್ನ ಹೆಲ್ತ್‌ನ ಅರ್ಧಕ್ಕಿಂತ ಹೆಚ್ಚನ್ನು ಉಳಿಸಿಕೊಂಡೇ ಗೆಲ್ಲುತ್ತಾನೆ. ಸೋತವನಿಗೆ ಅದು ಮೋಸವೆನಿಸುತ್ತದೆ, ಹಾಗೆನಿಸುವುದು ನ್ಯಾಯವೇ. 2008ರಲ್ಲಿ ಎರಡು ಬಣಗಳದ್ದೇ ಆದ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ವಿಂಟರ್‌ಗ್ರಾಸ್ಪ್ ಕಾಳಗದಲ್ಲಿ ಟೆನಾಸಿಟಿ ಎಂಬ ಬಫ್ ಇದನ್ನೇ ಮಾಡುತ್ತಿತ್ತು: ಜನ ಕಡಿಮೆಯಾದಷ್ಟೂ ಉಳಿದವರ ಬಲ ಏರುತ್ತಿತ್ತು. 2010ರಲ್ಲಿ ಬಂದ ಟೋಲ್ ಬರಾದ್‌ನಲ್ಲಿ ಆಟದ ತಯಾರಕರೇ ದಾರಿ ಬದಲಿಸಿ, ಎರಡೂ ಕಡೆ ಸಮಸಂಖ್ಯೆಯ ಜನರನ್ನಷ್ಟೇ ಒಳಗೆ ಬಿಟ್ಟರು.

ಏನನ್ನಾದರೂ ಬದಲಿಸುವ ಮೊದಲು ಅಳೆಯಿರಿ. ಒಟ್ಟು ಪಾತ್ರಗಳ ಲೆಕ್ಕ ದಾರಿ ತಪ್ಪಿಸುತ್ತದೆ, ಏಕೆಂದರೆ ಒಬ್ಬರೇ ಐದಾರು ಪಾತ್ರ ಮಾಡಿಟ್ಟಿರುತ್ತಾರೆ. ಪ್ರತಿ 15 ನಿಮಿಷಕ್ಕೊಮ್ಮೆ, ಕಾಳಗದ ಪ್ರದೇಶದಲ್ಲಿರುವ, ಗರಿಷ್ಠ ಲೆವೆಲ್ ತಲುಪಿದ, ಕಳೆದ 5 ನಿಮಿಷದಲ್ಲಿ ಏನಾದರೂ ಮಾಡಿದ ಆಟಗಾರರನ್ನು ಮಾತ್ರ ಬಣವಾರು ಎಣಿಸಿ. ಎರಡು ವಾರ ಹೀಗೆ ದಾಖಲಿಸಿ, ಗಂಟೆವಾರು ಬಿಡಿಸಿ ನೋಡಿ. ಒಟ್ಟಾರೆ 55:45 ಎಂದು ಕಾಣುವ ಸರ್ವರ್ ರಾತ್ರಿ 9ಕ್ಕೆ ಸಮವಾಗಿದ್ದು ಬೆಳಗಿನ ಜಾವ 80:20 ಆಗಿರುವುದು ಅಪರೂಪವಲ್ಲ. ಆಗ ನಿಮ್ಮ ಕಾಯಿಲೆ ಜನಸಂಖ್ಯೆಯದ್ದಲ್ಲ, ವೇಳೆಯದ್ದು. ಮತ್ತೆ, ಅತಿ ದೊಡ್ಡ ಗಿಲ್ಡಿನ (ಒಟ್ಟಾಗಿ ಆಡುವ ಆಟಗಾರರ ಸಂಘ) ಸದಸ್ಯರನ್ನು ತೆಗೆದುಹಾಕಿ ಇದೇ ಲೆಕ್ಕ ಮಾಡಿ. ಅನುಪಾತ ಸರಿಹೋದರೆ ಹಿಡಿತ ಬಣದ್ದಲ್ಲ, ಆ ಒಂದು ಗಿಲ್ಡಿನದ್ದು. ಕೊನೆಗೆ, ಹೊಸದಾಗಿ ಸೇರಿದವರಲ್ಲಿ ಎಷ್ಟು ಮಂದಿ ಏಳನೇ ದಿನವೂ ಆಡುತ್ತಿದ್ದಾರೆ ಎಂದು ಬಣವಾರು ನೋಡಿ. ಸಣ್ಣ ಬಣದಲ್ಲಿ ಈ ಪ್ರಮಾಣ ತೀರ ಕಡಿಮೆಯಿದ್ದರೆ ಹೊಸಬರನ್ನು ಅತ್ತ ಕಳಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಮೊದಲು ಅವರ ಆರಂಭದ ಊರುಗಳನ್ನೂ ಅಲ್ಲಿಗೆ ನುಗ್ಗಿ ಕೊಲ್ಲುವವರನ್ನೂ ನೋಡಿಕೊಳ್ಳಿ.

ನನ್ನ ಅಂದಾಜಿನಲ್ಲಿ 55:45ರವರೆಗೆ ಏನೂ ಮಾಡಬೇಕಿಲ್ಲ. 60:40ರ ಹತ್ತಿರ ಬಂದರೆ ಕೆಲಸ ಶುರು ಮಾಡಿ.

ನಾನು ಮೊದಲು ಹಿಡಿಯುವುದು ಮರಳುವ ವೇಗವನ್ನು. ಕೋಟೆಯ ಕಾಳಗ ಒಂದೇ ಹೊಡೆತಕ್ಕೆ ಮುಗಿಯುವುದಿಲ್ಲ. ಸತ್ತವರು ಎದ್ದು ಬರುತ್ತಲೇ ಇರುತ್ತಾರೆ. ರೀಸ್ಪಾನ್ (ಸತ್ತ ಪಾತ್ರ ಮತ್ತೆ ಎದ್ದು ಬರುವುದು) ಆಗಲು ಕಾಯುವ ಸಮಯ ಮತ್ತು ಅಲ್ಲಿಂದ ಓಡಿಬರುವ ಸಮಯ ಎರಡನ್ನೂ ಕೂಡಿಸಿ. 60 ಜನರ ಬಣಕ್ಕೆ ಇದು 60 ಸೆಕೆಂಡ್, 40 ಜನರ ಬಣಕ್ಕೆ 40 ಸೆಕೆಂಡ್ ಆದರೆ ಎರಡೂ ಕಡೆಯಿಂದ ಸರಾಸರಿ ಸೆಕೆಂಡಿಗೊಬ್ಬ ಬಾಗಿಲಿಗೆ ಬರುತ್ತಾನೆ. ಒಬ್ಬನಿಗೊಬ್ಬ ಎದುರಾದಾಗ ಯಾರ ಬಲವೂ ಬದಲಾಗಿಲ್ಲ, ಆದರೂ ಕಾಳಗ ಬಿಗಿಯಾಗುತ್ತದೆ. ದೊಡ್ಡ ಬಣಕ್ಕೆ 20 ಸೆಕೆಂಡ್ ಕಾಯುವಿಕೆ, 40 ಸೆಕೆಂಡ್ ಓಟ. ಸಣ್ಣ ಬಣಕ್ಕೆ 15 ಮತ್ತು 25 ಎಂದು ಹಂಚಬಹುದು. ಓಟದ ಭಾಗವನ್ನು ನಕ್ಷೆಯೇ ನೋಡಿಕೊಳ್ಳಲಿ: ಬಣವೊಂದು ಕೋಟೆ ಗೆಲ್ಲುತ್ತ ಮುಂದೆ ಹೋದಂತೆ ಅದರ ರೀಸ್ಪಾನ್ ಜಾಗ ಹಿಂದೆ ಉಳಿಯಬೇಕು.

ಇದು ಕೆಡುವುದು ಎರಡು ಕಡೆ. ಹೀಲರ್‌ಗಳು (ಗಾಯ ಮಾಯಿಸುವ ಪಾತ್ರಗಳು) ಬಿದ್ದವರನ್ನು ಅಲ್ಲೇ ಎಬ್ಬಿಸಿದರೆ ಇಡೀ ಲೆಕ್ಕ ಮಣ್ಣುಪಾಲು. ಮುತ್ತಿಗೆಯ ಪ್ರದೇಶದಲ್ಲಿ ಒಬ್ಬ ಆಟಗಾರನನ್ನು ಎರಡು ನಿಮಿಷಕ್ಕೊಮ್ಮೆ ಮಾತ್ರ ಹಾಗೆ ಎಬ್ಬಿಸಲು ಬಿಡಿ. ಇನ್ನೊಂದು, ಗಡಿಯ ಆಚೆ ಜನರನ್ನು ಅಡಗಿಸಿಟ್ಟು ಎಣಿಕೆ ತಗ್ಗಿಸಿ ತೋರಿಸುವ ಗಿಲ್ಡುಗಳು. ಹಾಗಾಗಿ ಎಣಿಕೆಯ ವೃತ್ತ ಕಾಳಗದ ಪ್ರದೇಶಕ್ಕಿಂತ ದೊಡ್ಡದಿರಲಿ.

ಇಕ್ಕಟ್ಟಾದ ಜಾಗಗಳನ್ನೂ ಮರೆಯಬೇಡಿ. ಹತ್ತೇ ಜನ ನಿಲ್ಲಬಲ್ಲ ಸೇತುವೆಯಲ್ಲಿ ಹಿಂದಿರುವವರು ಹೊಡೆಯಲಾರರು, ಹಾಗಾಗಿ ಮೊದಲು ಹೇಳಿದ ವರ್ಗದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನು ಬಹುಮಾನ. ಕಡಿಮೆ ಜನರಿರುವ ಕಡೆಗೆ ಹೆಚ್ಚು ಅನುಭವ ಅಂಕ, ಹೆಚ್ಚು ಚಿನ್ನ ಕೊಡುವುದು ಒಳ್ಳೆಯ ದಾರಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ವಾರ್ ಮೋಡ್ (ಬಯಲಲ್ಲಿ ಎದುರು ಬಣದವರೊಂದಿಗೆ ಕಾದಾಡಲು ಒಪ್ಪುವ ಆಯ್ಕೆ) 2018ರಲ್ಲಿ ಶೇಕಡಾ 10ರ ಹೆಚ್ಚುವರಿಯೊಂದಿಗೆ ಬಂತು, ಮುಂದೆ ಸಣ್ಣ ಬಣಕ್ಕೆ ಅದು ಶೇಕಡಾ 30ರವರೆಗೂ ಏರುವಂತಾಯಿತು. ಆದರೆ ಗೆಲುವಿಗೆ ಮಾತ್ರ ದೊಡ್ಡ ಬಹುಮಾನ ಇಟ್ಟರೆ ಅಪಾಯ. ಟೋಲ್ ಬರಾದ್‌ನಲ್ಲಿ ದಾಳಿ ಮಾಡುವವರು ಗೆಲ್ಲುವುದು ಕಷ್ಟವಾಗಿತ್ತು. ಅವರ ಗೆಲುವಿನ ಆನರ್ ಅಂಕವನ್ನು ಹತ್ತು ಪಟ್ಟು ಏರಿಸಿದಾಗ ಎರಡೂ ಬಣದವರು ಮಾತಾಡಿಕೊಂಡು ಸರದಿಯ ಮೇಲೆ ಕೋಟೆ ಬಿಟ್ಟುಕೊಡತೊಡಗಿದರು. ಬಹುಮಾನವನ್ನು ಮತ್ತೆ ಇಳಿಸಬೇಕಾಯಿತು. ಗೆದ್ದವರ ಬಹುಮಾನ ಸೋತವರದ್ದರ ಎರಡು ಪಟ್ಟು ಮೀರದಿರಲಿ. ಒಂದೇ ಗಂಟೆಯಲ್ಲಿ ಒಬ್ಬನನ್ನೇ ಮತ್ತೆ ಮತ್ತೆ ಕೊಂದರೆ ಅಂಕ 100, 50, 25, ಆಮೇಲೆ ಸೊನ್ನೆ ಆಗಲಿ. ಸಣ್ಣ ಬಣದ ಹೆಚ್ಚುವರಿಯನ್ನು ಆಯುಧ, ಕವಚದ ರೂಪದಲ್ಲಿ ಕೊಡಬೇಡಿ. ಬಣ ದೊಡ್ಡದಾದ ಮೇಲೂ ಆ ಆಯುಧ ಅವರ ಕೈಯಲ್ಲೇ ಇರುತ್ತದೆ, ಆಗ ತಕ್ಕಡಿ ಅತ್ತ ವಾಲುತ್ತದೆ.

ಇನ್ನು ಹೊಸಬರು ಬಣ ಸೇರುವ ಬಾಗಿಲಿನ ವಿಚಾರ. ದೊಡ್ಡ ಬಣ ಶೇಕಡಾ 58 ಮುಟ್ಟಿದರೆ ಹೊಸ ಪಾತ್ರಗಳಿಗೆ ಮುಚ್ಚಿ, 53ಕ್ಕೆ ಇಳಿದ ಮೇಲಷ್ಟೇ ತೆರೆಯಿರಿ. ಮುಚ್ಚಲು, ತೆರೆಯಲು ಒಂದೇ ಸಂಖ್ಯೆ ಇಟ್ಟರೆ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುತ್ತದೆ. ಮುಚ್ಚಿದಾಗಲೂ ಹಳೆಯ ಆಟಗಾರ ಮೂರು ನಾಲ್ಕು ಗೆಳೆಯರನ್ನು ಕೋಡ್ ಕೊಟ್ಟು ಕರೆತರಲು ಅವಕಾಶ ಇರಲೇಬೇಕು. ಗೆಳೆಯನ ಜೊತೆ ಆಡಲು ಬಂದವನನ್ನು ಎದುರು ಬಣಕ್ಕೆ ಕಳಿಸಿದರೆ ಅವನು ಅಲ್ಲಿಗೆ ಹೋಗುವುದಿಲ್ಲ, ಆಟವನ್ನೇ ಬಿಡುತ್ತಾನೆ. ಬಣ ಬದಲಾವಣೆ ದೊಡ್ಡದರಿಂದ ಸಣ್ಣದಕ್ಕೆ ಮಾತ್ರ, ಉಚಿತವಾಗಿ, ಇಡೀ ಗಿಲ್ಡ್ ತನ್ನ ಭಂಡಾರ ಮತ್ತು ಪದವಿಗಳ ಸಮೇತ ಹೋಗುವಂತಿರಲಿ. ಒಬ್ಬೊಬ್ಬರನ್ನೇ ಕರೆದರೆ ಯಾರೂ ಕದಲುವುದಿಲ್ಲ.

ಇಷ್ಟಾಗಿಯೂ ಜನ ಒಂದೇ ಕಡೆ ಹರಿಯುತ್ತಿದ್ದರೆ ಬಣಕ್ಕಂಟಿದ ವಿಶೇಷ ಶಕ್ತಿಗಳನ್ನು ಪರೀಕ್ಷಿಸಿ. ಅಗ್ರ ಗಿಲ್ಡುಗಳು ಶೇಕಡಾ ಒಂದೆರಡರ ಲಾಭಕ್ಕೂ ಬಣ ಬದಲಿಸುತ್ತವೆ, ಉಳಿದವರು ಅವರ ಬೆನ್ನು ಹತ್ತುತ್ತಾರೆ. ವಾರ್‌ಕ್ರಾಫ್ಟ್‌ನಲ್ಲಿ ಮೊದಲು ಪ್ಯಾಲಡಿನ್, ಶಾಮನ್ ಎಂಬ ಎರಡು ಪಾತ್ರವರ್ಗಗಳಲ್ಲಿ ಪ್ಯಾಲಡಿನ್ ಅಲಯನ್ಸ್ ಬಣಕ್‌ಗೆ ಮಾತ್ರ, ಶಾಮನ್ ಹೋರ್ಡ್‌ಗೆ ಮಾತ್ರ ಇತ್ತು. 2007ರ ವಿಸ್ತರಣೆಯಲ್ಲಿ ಎರಡೂ ಇಬ್ಬರಿಗೂ ಸಿಕ್ಕವು. ಬಣಗಳ ವ್ಯತ್ಯಾಸ ರೂಪದಲ್ಲಿ, ಕಥೆಯಲ್ಲಿ, ಊರುಗಳಲ್ಲಿ ಇರಲಿ, ಅಂಕಿಗಳಲ್ಲಿ ಬೇಡ.

ಮೂರನೇ ಬಣ ಸೇರಿಸಿ ಎಂದು ಹಲವರು ಹೇಳುತ್ತಾರೆ. 2001ರ ಡಾರ್ಕ್ ಏಜ್ ಆಫ್ ಕ್ಯಾಮೆಲಾಟ್, 2014ರ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಎರಡೂ ಮೂರು ಬಣಗಳೊಂದಿಗೇ ಹುಟ್ಟಿದವು. ನಡೆಯುತ್ತಿರುವ ಆಟಕ್ಕೆ ಅದನ್ನು ತುರುಕುವುದು ಕಷ್ಟ. ಜೊತೆಗೆ, ಮುಂದಿರುವವರ ಕೋಟೆ ಹಿಡಿದರೆ ಹೆಚ್ಚು ಅಂಕ ಎಂಬ ನಿಯಮವಿಲ್ಲದಿದ್ದರೆ ಇಬ್ಬರು ಬಲಶಾಲಿಗಳೂ ಸುಲಭದ ಅಂಕಕ್ಕಾಗಿ ಬಡವನ ಮೇಲೇ ಬೀಳುತ್ತಾರೆ.

ಬೆಳಗಿನ ಜಾವದ ಕೋಟೆ ಕಬಳಿಕೆಗೆ ಮದ್ದು ಬೇರೆ: ಕೋಟೆ ಹಿಡಿದ ಅಂಕವನ್ನು ಆ ಹೊತ್ತಿನ ಎದುರಾಳಿಗಳ ಹಾಜರಿಗೆ ಕಟ್ಟಿ. 50 ಜನರ ಎದುರು 10 ಜನ ಇದ್ದಾಗ ಹಿಡಿದ ಕೋಟೆಗೆ ಐದನೇ ಒಂದು ಭಾಗ ಅಂಕ ಸಾಕು. ಗಿಲ್ಡ್ ವಾರ್ಸ್ 2 ಆಟದ ಹಾಗೆ ವಾರದ ಸ್ಪರ್ಧೆಯನ್ನು ಎರಡೆರಡು ಗಂಟೆಯ ಸುತ್ತುಗಳಾಗಿ ಒಡೆದರೆ ಒಂದು ರಾತ್ರಿಯ ಮುನ್ನಡೆ ಇಡೀ ವಾರವನ್ನು ನುಂಗುವುದಿಲ್ಲ.

ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ವಾರ ಅಳೆದು ಮುಂದಿನದಕ್ಕೆ ಹೋಗಿ. ಅನುಪಾತ ಆಗಲೇ 70:30 ದಾಟಿದ್ದರೆ ಇವೆಲ್ಲ ನಿಧಾನವಾದೀತು; ಆಗ 30:70 ಇರುವ, ಆಟದ ವೇಳೆ ಹೊಂದುವ ಇನ್ನೊಂದು ಸರ್ವರ್ ಇದ್ದರೆ ಎರಡನ್ನೂ ಒಂದುಗೂಡಿಸಿ. ಒಂದೇ ಹೆಸರಿನ ಎರಡು ಪಾತ್ರಗಳಿದ್ದರೆ ಕಳೆದ 30 ದಿನದಲ್ಲಿ ಹೆಚ್ಚು ಆಡಿದವರಿಗೆ ಹೆಸರು ಉಳಿಸಿ, ಇನ್ನೊಬ್ಬರಿಗೆ ಉಚಿತವಾಗಿ ಹೆಸರು ಬದಲಿಸಲು ಬಿಡಿ, ಇದನ್ನು ಎರಡು ವಾರ ಮೊದಲೇ ತಿಳಿಸಿ.