ಕೋವಿಡ್ ದುಡ್ಡು ನೋಡಿ ಇಲ್ಲಿ ಜಮೀನು ಕೊಳ್ಳಬೇಡಿ

ನೀವು ಕಂಪನಿ ಕೆಲಸದ ಎಚ್-1ಬಿ ವೀಸಾ ಮೇಲೆ ಅಮೆರಿಕಕ್ಕೆ ಬಂದು ಒಂದು ವರ್ಷವೂ ಆಗಿಲ್ಲ. ಕೋವಿಡ್ ಸಮಯದಲ್ಲಿ ಇಲ್ಲಿನ ಸರ್ಕಾರ ರೈತರ ಖಾತೆಗೆ ಲಕ್ಷಗಟ್ಟಲೆ ಡಾಲರ್ ಹಾಕಿತಂತೆ, ಹಳ್ಳಿ ಕಡೆ ಜಮೀನು ಕೊಂಡು ಹಸು ಕಟ್ಟಿದರೆ ಹೇಗೆ ಅಂತ ಕೇಳಿದ್ದೀರಿ. ನಾನು ಹದಿನೆಂಟು ವರ್ಷದಿಂದ ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಲ್ಲಿದ್ದೇನೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಡೈರಿಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಲಿನಲ್ಲಿ ಇಡೀ ಅಮೆರಿಕಕ್ಕೇ ಮುಂದಿರುವ ಕೌಂಟಿ ಇದು.

ದುಡ್ಡು ಬಂದಿದ್ದು ನಿಜ. 2020ರ ಏಪ್ರಿಲ್‌ನಲ್ಲಿ ಶಾಲೆ, ಹೋಟೆಲ್ ಎಲ್ಲ ಮುಚ್ಚಿ, ಕೊಳ್ಳುವವರಿಲ್ಲದೆ ದೇಶದ ಎಷ್ಟೋ ಕಡೆ ಹಾಲನ್ನು ಚರಂಡಿಗೆ ಸುರಿದರು. ಆಗ ಕೇಂದ್ರದ ಕೃಷಿ ಇಲಾಖೆ ರೈತರಿಗೆ ನೇರವಾಗಿ ಕೊಡಲು 1,600 ಕೋಟಿ ಡಾಲರ್ ತೆಗೆದಿಟ್ಟಿತು. ಸೆಪ್ಟೆಂಬರ್‌ನಲ್ಲಿ ಎರಡನೇ ಸುತ್ತೂ ಬಂತು. ಅರ್ಜಿ ಹಾಕಬೇಕಿದ್ದದ್ದು ಅದೇ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಗೆ, ಆಯಾ ಕೌಂಟಿಯ ಕಚೇರಿಯಲ್ಲಿ. ಬಾಗಿಲು ಮುಚ್ಚಿತ್ತು, ಎಲ್ಲವೂ ಫೋನಿನಲ್ಲೇ ನಡೆಯಿತು.

ಆದರೆ ಅದು ಯಾರಿಗೆ ಎಷ್ಟು ಸಿಕ್ಕಿತು ಅನ್ನೋದನ್ನು ಗಮನಿಸಿ. ಅದೇ ವರ್ಷ ಕರ್ನಾಟಕದಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿದರು, ಒಂದು ಹೆಕ್ಟೇರಿಗೆ ಮಾತ್ರ. ಇಲ್ಲಿನ ಡೈರಿಗಳಿಗೆ ಹಾಗಿರಲಿಲ್ಲ. ಮೊದಲ ಸುತ್ತಿನಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ನೀವು ಎಷ್ಟು ಹಾಲು ಹಾಕಿದ್ದೀರೋ ಅದರ ಮೇಲೆ ಲೆಕ್ಕ. ನೂರು ಪೌಂಡಿಗೆ ಸುಮಾರು 6.20 ಡಾಲರ್. ನೂರು ಹಸುಗಳ ಡೈರಿಗೆ ನನ್ನ ಅಂದಾಜಿನಲ್ಲಿ 37,000 ಡಾಲರ್ ಆಗುತ್ತದೆ. ಸಾವಿರ ಹಸು ಇದ್ದವನು ಒಬ್ಬರಿಗೆ ಇಟ್ಟಿದ್ದ 2,50,000 ಡಾಲರ್ ಮಿತಿಯನ್ನೇ ಮುಟ್ಟುತ್ತಾನೆ. ನಷ್ಟ ತುಂಬಿಕೊಡುವ ಹಣ ಅದು, ಆದಾಯ ಅಲ್ಲ. ಮೊದಲು ಶೇಕಡ 80ರಷ್ಟು ಕೊಟ್ಟು ಉಳಿದದ್ದನ್ನು ಆಮೇಲೆ ಕೊಟ್ಟರು, ಅದರ ಮೇಲೆ ತೆರಿಗೆಯೂ ಇತ್ತು. ಮೇವಿನ ಬಾಕಿ, ಬ್ಯಾಂಕಿನ ಕಂತು ಕಟ್ಟಿದ ಮೇಲೆ ಎಷ್ಟೋ ಮನೆಗಳಲ್ಲಿ ಏನೂ ಉಳಿಯಲಿಲ್ಲ. ಸಣ್ಣ ಡೈರಿಯವರು ಫೋನಿನಲ್ಲಿ ಅತ್ತಿದ್ದನ್ನು ನಾನು ಕೇಳಿದ್ದೇನೆ.

ನನಗೆ ಇವತ್ತಿಗೂ ನೋವಾಗುವುದು ಹಾಲು ಕರೆಯುವವರ ವಿಷಯ. ಕಾಯಿಲೆ ಹರಡಿದ್ದಾಗಲೂ ರಾತ್ರಿ ಎರಡು ಗಂಟೆಯ ಪಾಳಿ ತಪ್ಪಿಸದೆ ಬಂದವರು ಅವರು. ಡೈರಿಗಳಲ್ಲಿ ಈ ಯೋಜನೆಯ ಹಣ ಹಸುವಿನ ಮಾಲೀಕರಿಗೆ ಮಾತ್ರ ಸಿಕ್ಕಿತು. ವಲಸೆಯ ಕಾಗದಪತ್ರ ಇಲ್ಲದ ಕೆಲಸಗಾರರಿಗೆ ಕೇಂದ್ರದ ಕೋವಿಡ್ ನೆರವಿನ 1,200 ಡಾಲರ್ ಚೆಕ್ಕೂ ಬರಲಿಲ್ಲ. ಅಂಥವರಿಗೆ ಕ್ಯಾಲಿಫೋರ್ನಿಯಾ ಒಂದು ಸಲ 500 ಡಾಲರ್ ಕೊಟ್ಟಿತು, ಅದೂ ಎಲ್ಲರಿಗೂ ಸಾಲಲಿಲ್ಲ. ಹೊಲದಲ್ಲಿ, ಮಾಂಸದ ಕಾರ್ಖಾನೆಯಲ್ಲಿ ದುಡಿದವರಿಗೆ ತಲೆಗೆ 600 ಡಾಲರ್ ಕೊಡುವ ಕೇಂದ್ರ ಯೋಜನೆ ಬರುವ ಹೊತ್ತಿಗೆ ತುಂಬಾ ತಡವಾಗಿತ್ತು.

ಇನ್ನು ನಿಮ್ಮ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಎಚ್-1ಬಿಯಲ್ಲಿದ್ದೂ ಜಮೀನು ಕೊಳ್ಳಬಹುದು. ಆದರೆ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇಲ್ಲದ ವಿದೇಶಿಯರು ಕೃಷಿ ಜಮೀನು ಕೊಂಡರೆ 90 ದಿನದೊಳಗೆ ಕೃಷಿ ಇಲಾಖೆಗೆ ತಿಳಿಸಲೇಬೇಕು. ಮರೆತರೆ ದಂಡ ಜಮೀನಿನ ಬೆಲೆಯ ಶೇಕಡ 25ರವರೆಗೂ ಹೋಗಬಹುದು. ಇನ್ನೊಂದು ತೊಡಕಿದೆ. ಆ ಕೋವಿಡ್ ಪರಿಹಾರ ವಿದೇಶಿಯರಿಗೆ ಸಿಗಬೇಕಾದರೆ ಜಮೀನು, ಬಂಡವಾಳದ ಜೊತೆ ಸ್ವಂತ ಮೈಮುರಿದ ದುಡಿಮೆಯೂ ಇರಬೇಕಿತ್ತು. ನಿಮ್ಮ ವೀಸಾ ಇರುವುದು ಕಂಪನಿಯ ಕೆಲಸಕ್ಕೆ. ಡೈರಿಯಲ್ಲಿ ದುಡಿಯಲು ಅದು ಬಿಡುವುದಿಲ್ಲ ಅಲ್ವಾ?

ಹಾಗಾಗಿ ಈಗ ಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದ ಮೇಲೂ ಆಸೆ ಇದ್ದರೆ ಆಗ ನೋಡೋಣ. ಅಷ್ಟರೊಳಗೆ ಒಂದು ಶನಿವಾರ ನಮ್ಮ ಮನೆಗೆ ಬನ್ನಿ. ರಾತ್ರಿ ಇಲ್ಲೇ ಉಳಿದರೆ, ಎರಡು ಗಂಟೆಯ ಪಾಳಿಗೆ ಒಂದು ಡೈರಿಗೆ ಕರೆದುಕೊಂಡು ಹೋಗುತ್ತೇನೆ.